ಐರ್ಲೆಂಡಿನ ಬಾಯಿ, ಬೆಂಗಳೂರಿನ ದನಿ

ವಿಮಾನ ನಿಲ್ದಾಣ

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದ ಮೇಲೆ ನನ್ನನ್ನು ಮೊದಲು ಮಾತಾಡಿಸಿದವನು ಗಾಜಿನ ಹಿಂದೆ ಕೂತಿದ್ದ ಒಬ್ಬ ಅಧಿಕಾರಿ. ಯಾರ ಮನೆಗೆ, ಎಷ್ಟು ದಿನಕ್ಕೆ ಎಂಬುದನ್ನೆಲ್ಲ ಅಕ್ಕನ ಮಗಳು ಸುಷ್ಮಾ ಫೋನಿನಲ್ಲಿ ಬಾಯಿಪಾಠ ಮಾಡಿಸಿದ್ದಳು. ಉದ್ಯೋಗ ಏನು ಎಂದು ಕೇಳಿಯಾರು ಎಂಬುದು ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅವನು ಅದನ್ನೇ ಕೇಳಿದ.

"ಒಬ್ಬ ಐರಿಷ್ ಹೆಂಗಸಿನ ಪರವಾಗಿ ಮಾತಾಡುತ್ತೇನೆ" ಎಂದೆ, ನನಗೆ ಬಂದ ಇಂಗ್ಲಿಷಿನಲ್ಲಿ.

"ವಕೀಲರಾ?"

"ಅಲ್ಲ."

"ಆಕೆ ಈಗ ಎಲ್ಲಿದ್ದಾರೆ?"

"ಗೊತ್ತಿಲ್ಲ. ನಾವು ಭೇಟಿಯಾಗಿಲ್ಲ."

"ನೀವು ಅವರ ಪರವಾಗಿ ಮಾತಾಡುವುದು ಅವರಿಗೆ ಗೊತ್ತಾ?"

"ಇಲ್ಲ ಅನಿಸುತ್ತೆ."

ಅವನು ನನ್ನ ಪಾಸ್‌ಪೋರ್ಟನ್ನು ಮತ್ತೆ ಮೊದಲ ಪುಟದಿಂದ ತಿರುವತೊಡಗಿದ. ಹಿಂದಿನವರು ಕಾಲು ಬದಲಿಸಿ ನಿಂತರು. ನಾನು ಅವಸರದಲ್ಲಿ ಡಬ್ಬಿಂಗ್ ಎಂಬ ಪದವನ್ನು ಎರಡು ಮೂರು ಸಲ ಹೇಳಿದೆ. ಹಾಗಾದರೆ ಒಂದು ಸಾಲು ಹೇಳಿ ನೋಡೋಣ ಎಂದ. ಇಡೀ ದಿನ ವಿಮಾನದ ಒಣಗಾಳಿ ಕುಡಿದಿದ್ದ ಗಂಟಲಿನಿಂದ ಹೊರಟದ್ದು ಕಪ್ಪೆಯ ಸದ್ದು. ಅವನು ಕನಿಕರದಿಂದ ಮುದ್ರೆ ಒತ್ತಿ, ನೀರು ಕುಡಿಯಿರಿ ಎಂದು ಹೇಳಿ ಕಳಿಸಿದ.

ಓದುಗರಿಗಾದರೂ ಸರಿಯಾಗಿ ಹೇಳಿಬಿಡುತ್ತೇನೆ. ನನ್ನ ಹೆಸರು ಪದ್ಮಾವತಿ, ಬೆಂಗಳೂರಿನಲ್ಲಿ ಡಬ್ಬಿಂಗ್ ಕಲಾವಿದೆ. ರೇಡಿಯೊ ನಾಟಕದಿಂದ ಶುರು ಮಾಡಿ, ಸಿನಿಮಾದಲ್ಲಿ ನಾಯಕಿಯ ತಾಯಿ, ಧಾರಾವಾಹಿಯಲ್ಲಿ ಪಕ್ಕದ ಮನೆಯಾಕೆ, ಒಮ್ಮೊಮ್ಮೆ ದೆವ್ವ, ಹೀಗೆ ಸಿಕ್ಕಿದ್ದಕ್ಕೆಲ್ಲ ದನಿ ಕೊಟ್ಟವಳು. ಹೊರದೇಶದ ಧಾರಾವಾಹಿಗಳು ಫೋನಿನಲ್ಲಿ, ಟಿವಿಯಲ್ಲಿ ಕನ್ನಡದಲ್ಲೇ ಬರತೊಡಗಿದ ಮೇಲೆ ನನಗೂ ಒಂದು ಕಾಯಂ ಬಾಯಿ ಸಿಕ್ಕಿತು. ಐರ್ಲೆಂಡಿನ ಕಡಲತೀರದ ಒಂದು ಹಳ್ಳಿ, ಅಲ್ಲೊಂದು ಪೋಸ್ಟಾಫೀಸು, ಅದರ ಕೌಂಟರಿನ ಹಿಂದೆ ಡೀಲಿಯಾ ಎಂಬ ಸಿಡುಕಿ. ಬಂದವರನ್ನೆಲ್ಲ ಬೈಯುತ್ತಾಳೆ, ಆದರೆ ಅವಳಿಲ್ಲದೆ ಊರು ನಡೆಯುವುದಿಲ್ಲ. ಆ ಪಾತ್ರ ಮಾಡುವಾಕೆ ನಿಜದಲ್ಲಿ ಸ್ಟ್ಯಾಂಡಪ್ ಕಾಮಿಡಿಯವರು. ಅಂದರೆ ವೇದಿಕೆಯ ಮೇಲೆ ಒಬ್ಬರೇ ನಿಂತು, ಬರೀ ಮಾತಿನಿಂದ ಜನರನ್ನು ನಗಿಸುವವರು. ಅವರು ಎಲ್ಲಿ ಉಸಿರೆಳೆದುಕೊಳ್ಳುತ್ತಾರೆ, ಯಾವ ಅಕ್ಷರಕ್ಕೆ ತುಟಿ ಓರೆ ಮಾಡುತ್ತಾರೆ, ಸುಳ್ಳು ಹೇಳುವ ಮುಂಚೆ ಹೇಗೆ ಎಂಜಲು ನುಂಗುತ್ತಾರೆ, ಎಲ್ಲವೂ ನನಗೆ ಗೊತ್ತು. ಕಟ್ಟಿಕೊಂಡ ಗಂಡನ ಬಗ್ಗೆಯೂ ನನಗೆ ಇಷ್ಟು ವಿವರ ತಿಳಿಯದು.

ನಾನು ಹೊರಡುವ ಮುಂಚೆ ಸ್ಟುಡಿಯೊದ ಸೌಂಡ್ ಇಂಜಿನಿಯರ್ ಕಿರಣ ಒಂದು ಸುದ್ದಿ ಹೇಳಿ ನಿದ್ದೆ ಕೆಡಿಸಿದ್ದ. "ಮೇಡಂ, ಮುಂದಿನ ಸೀಸನ್ನಲ್ಲಿ ನಿಮ್ ಡೀಲಿಯಾ ಇರಲ್ವಂತೆ. ಎಲ್ಲೋ ಓದ್ದೆ." ಡೀಲಿಯಾ ಹೋದರೆ ನಾನು ಮತ್ತೆ ಪಕ್ಕದ ಮನೆಯಾಕೆ. ಅದೂ ಸಿಕ್ಕರೆ.

ಸರಟೋಗಾ

ಸುಷ್ಮಾಳ ಮನೆ ಇರುವುದು ಗುಡ್ಡದ ಇಳಿಜಾರಿನಲ್ಲಿ. ಬೀದಿಯಲ್ಲಿ ಸದ್ದೇ ಇಲ್ಲ. ನಮ್ಮ ತ್ಯಾಗರಾಜನಗರದಲ್ಲಿ ಇಷ್ಟು ನಿಶ್ಶಬ್ದವಾದರೆ ಯಾರೋ ದೊಡ್ಡವರು ಹೋಗಿದ್ದಾರೆಂದು ಜನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬೆಳಿಗ್ಗೆ ಜಿಂಕೆಗಳು ಬಂದು ಹಿತ್ತಲಿನ ಗುಲಾಬಿ ತಿನ್ನುತ್ತವೆ. ಅವನ್ನು ಓಡಿಸುವ ಕೆಲಸ ಸುಷ್ಮಾಳ ಅತ್ತೆ ಗಂಗಕ್ಕನವರದು. ಧಾರವಾಡದವರು. ಮಗನ ಜೊತೆ ಇಲ್ಲಿಗೆ ಬಂದು ಬಹಳ ವರ್ಷವಾದರೂ ಅವರ ಮಾತಿನಿಂದ ಧಾರವಾಡ ಒಂದು ಚೂರೂ ಅಲುಗಿಲ್ಲ. ಜಿಂಕೆಗಳಿಗೂ ಅದೇ ಭಾಷೆ ಅಭ್ಯಾಸವಾಗಿದೆ. "ಹೋಗ್ರ್ಯೋ ನಿಮ್ಮ" ಎಂದರೆ ಸಾಕು, ಬೇಲಿ ಹಾರುತ್ತವೆ.

ಗಂಗಕ್ಕ ಪೋಸ್ಟಾಫೀಸಿನ ಧಾರಾವಾಹಿಯನ್ನು ಒಂದು ಕಂತೂ ಬಿಡದೆ ನೋಡಿದವರು. ಅದು ನನಗೆ ಗೊತ್ತಿರಲಿಲ್ಲ. ಅದಕ್ಕೆ ದನಿ ಕೊಡುವವಳು ನಾನೆಂಬುದು ಅವರಿಗೂ ಗೊತ್ತಿರಲಿಲ್ಲ. ಮೊದಲ ದಿನ ಬಚ್ಚಲಿನಿಂದ ತಲೆ ಹೊರಗೆ ಹಾಕಿ "ಸುಷ್ಮಾ, ಟವೆಲ್ ಎಲ್ಲಿಟ್ಟಿದೀಯೇ?" ಎಂದೆ. ಅಷ್ಟು ಹೊತ್ತಿಗೆ ಗಂಟಲು ಸರಿಯಾಗಿತ್ತು. ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದು.

"ಸುಷ್ಮಾ, ಡೀಲವ್ವ ಬಚ್ಚಲದಾಗ ಅದಾಳ" ಎಂದರು ಗಂಗಕ್ಕ.

ಅಂದಿನಿಂದ ನನ್ನ ರಜೆ ಮುಗಿಯಿತು. ಚಹಾದ ಹೊತ್ತಿಗೆ ಒಂದು ಬೈಗುಳ, ಊಟದ ಹೊತ್ತಿಗೆ ಒಂದು ಬೈಗುಳ ಹೇಳಿಸಿ ಕೇಳಿ, ಕಣ್ಣು ಮುಚ್ಚಿ ತಲೆದೂಗುವರು. ಅವರ ಮಗ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಫೀಸಿನ ಮೀಟಿಂಗಿನಲ್ಲಿ ಮುಳುಗಿರುತ್ತಾನೆ, ಕರೆದರೆ ಊಟಕ್ಕೆ ಇಳಿಯುವುದಿಲ್ಲ. ಒಂದು ಮಧ್ಯಾಹ್ನ ಗಂಗಕ್ಕ ನನ್ನನ್ನು ಮೆಟ್ಟಿಲ ಬುಡಕ್ಕೆ ನಿಲ್ಲಿಸಿ, "ನೀವ ಒಂದ ಸಲ ಕರೀರಿ ಪದ್ಮಕ್ಕಾ" ಎಂದರು. ಬೀಗರ ಮಾತು ಮೀರುವಂತಿಲ್ಲ. ಡೀಲಿಯಾಳ ದನಿಯಲ್ಲಿ ಕೂಗಿದೆ: "ಇಳಿದು ಬರ್ತೀಯೋ, ಇಲ್ಲಾ ನಿನ್ನ ತಟ್ಟೆಗೆ ಸ್ಟ್ಯಾಂಪ್ ಅಂಟಿಸಿ ಬಂದ ವಿಳಾಸಕ್ಕೇ ವಾಪಸ್ ಕಳಿಸ್ಲೋ?"

ಆ ಹೊತ್ತಿಗೆ ಸರಿಯಾಗಿ ಅವನ ಮೈಕು ತೆರೆದಿತ್ತು. ಮೀಟಿಂಗಿನಲ್ಲಿದ್ದ ಒಬ್ಬ ಮಂಡ್ಯದ ಹುಡುಗಿ, "ಸರ್, ನಿಮ್ ಮನೇಲಿ ಡೀಲಿಯಾ ಇದಾರಾ?" ಎಂದು ಕನ್ನಡದಲ್ಲೇ ಕೇಳಿಬಿಟ್ಟಳಂತೆ. ಉಳಿದವರಿಗೆ ಅದನ್ನು ವಿವರಿಸುವುದರಲ್ಲಿ ಮೀಟಿಂಗು ಮುಗಿಯಿತು. ಅವನು ಊಟಕ್ಕೆ ಬಂದ. ಗಂಗಕ್ಕನಿಗೆ ಬೇಕಾದದ್ದು ಅಷ್ಟೇ.

ಗಿಲ್‌ರಾಯ್

ಶನಿವಾರ ಸುಷ್ಮಾ ನಮ್ಮಿಬ್ಬರನ್ನೂ ಗಿಲ್‌ರಾಯ್‌ಗೆ ಕರೆದುಕೊಂಡು ಹೋದಳು. ದಕ್ಷಿಣಕ್ಕೆ ಉದ್ದದ ಡ್ರೈವು. ಕಂಪನಿಗಳ ಬಟ್ಟೆಬರೆ, ಬೂಟು ಅಲ್ಲಿ ಅಗ್ಗಕ್ಕೆ ಸಿಗುತ್ತವೆ ಎಂದು ಊರಿಗೆ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ಯುವ ಪದ್ಧತಿ. ಊರು ಬೆಳ್ಳುಳ್ಳಿಯ ಊರು. ಕಾರಿನ ಕಿಟಕಿ ಮುಚ್ಚಿದ್ದರೂ ವಾಸನೆ ಒಳಗೆ ಬಂದು ಕೂತಿತು. ಗಂಗಕ್ಕ ಬೆಳ್ಳುಳ್ಳಿ ಮುಟ್ಟುವವರಲ್ಲ. ಸೆರಗನ್ನು ಮೂಗಿಗೆ ಒತ್ತಿ ಹಿಡಿದವರು ವಾಪಸ್ ಹೊರಡುವ ತನಕ ಬಿಡಲಿಲ್ಲ. ಅಲ್ಲಿ ಬೆಳ್ಳುಳ್ಳಿಯ ಐಸ್‌ಕ್ರೀಮೂ ಮಾರುತ್ತಾರೆ. ನಾನು ತಿಂದೆ. ಒಗ್ಗರಣೆ ಹಾಕಿದ ಮಂಜುಗಡ್ಡೆಯ ಹಾಗಿತ್ತು. ಮೊದಲ ತುತ್ತಿಗೆ ಪಶ್ಚಾತ್ತಾಪವಾಯಿತು, ಕೊನೆಯ ತುತ್ತಿಗೆ ಇನ್ನೊಂದು ಬೇಕೆನಿಸಿತು.

ಬೂಟಿನಂಗಡಿಯ ಸಾಲಿನಲ್ಲಿ ನಿಂತು ಫೋನು ನೋಡುತ್ತಿದ್ದ ಸುಷ್ಮಾ ತಟ್ಟನೆ ನನ್ನ ತೋಳು ಹಿಡಿದಳು.

"ಚಿಕ್ಕಮ್ಮ, ಇವ್ರು ನಿಮ್ಮವ್ರೇ ಅಲ್ವಾ? ನಾಳೆ ಮಧ್ಯಾಹ್ನ ರೆಡ್‌ವುಡ್ ಸಿಟೀಲಿ ಶೋ ಇದೆ. ಸೈವ್ ಅಂತೆ ಹೆಸರು."

ನನ್ನವರ ಹೆಸರು ಸೈವ್ ಅಲ್ಲ, ಸಾಧ್‌ಭ್ ಎಂದೆ. ಕನ್ನಡದ ಅವತರಣಿಕೆಯ ಕೊನೆಯಲ್ಲಿ ಹಾಗೇ ಬರುತ್ತದೆ. ಸಾಧ್ವಿಯ ಐರಿಷ್ ರೂಪವಿರಬೇಕೆಂದು ನಂಬಿಕೊಂಡು ಸ್ಟುಡಿಯೊದಲ್ಲಿ ನಾವೆಲ್ಲ ಅವರನ್ನು ಸಾಧು ಮೇಡಂ ಎಂದೇ ಕರೆಯುತ್ತಿದ್ದೆವು. ಸುಷ್ಮಾ ಫೋನಿನಲ್ಲಿ ಪಟ ತೋರಿಸಿದಳು. ಅವರೇ. ಅಕ್ಷರಗಳನ್ನು ಒಂದೊಂದಾಗಿ ಓದಿದೆ: ಎಸ್, ಎ, ಡಿ, ಎಚ್, ಬಿ, ಎಚ್.

"ಇದ್ರಲ್ಲಿ ವ ಎಲ್ಲಿದೆಯೇ?"

"ಡಿ, ಎಚ್, ಬಿ, ಎಚ್ ಎಲ್ಲಾ ಸೇರಿದ್ರೆ ವ ಅಂತೆ. ಐರ್ಲೆಂಡ್ನಲ್ಲಿ ಹಂಗೇ ಅಂತೆ ಚಿಕ್ಕಮ್ಮ, ಕೇಳ್ಬೇಡಿ."

ಗಂಗಕ್ಕ ಸೆರಗಿನೊಳಗಿಂದಲೇ ಹೇಳಿದರು: "ಬರಿಯೂದೊಂದು, ಓದೂದೊಂದು. ಅದಕ್ಕ ಪೋಸ್ಟಿನಾಕಿ ಅಷ್ಟ ಸಿಟ್ಟಿಗೇಳ್ತಾಳ ನೋಡ್ರಿ."

ರೆಡ್‌ವುಡ್ ಸಿಟಿ

"ವಾರಪೂರ್ತಿ ಆಫೀಸಿಗೆ ಇದೇ ಫ್ರೀವೇ, ಸಂಡೇನೂ ಇದೇನಾ" ಎಂದು ಗೊಣಗುತ್ತಲೇ ಸುಷ್ಮಾ ನಮ್ಮನ್ನು ಕರೆದುಕೊಂಡು ಹೋದಳು. ಹಳೆಯ ಸಣ್ಣ ರಂಗಮಂದಿರ, ಮುಕ್ಕಾಲು ತುಂಬಿತ್ತು. ನಮಗೆ ಸಿಕ್ಕಿದ್ದು ಎರಡನೆಯ ಸಾಲು.

ಸೈವ್ ಬಂದರು. ಅರುವತ್ತರ ಆಸುಪಾಸಿನ ಗಟ್ಟಿ ಹೆಂಗಸು, ತಲೆ ಬಾಚದವರಂತೆ ಬಾಚಿದ ಕೂದಲು. ಮೈಕು ಹಿಡಿದು ಬಾಯಿ ತೆರೆದರು. ಅದು ಡೀಲಿಯಾಳ ಚೂಪು ದನಿಯಲ್ಲ. ತಗ್ಗಿನ, ಒರಟು, ನಿಧಾನದ ದನಿ. ಅವರ ಸ್ವಂತದ್ದು ಇದು, ನಾನು ಇಷ್ಟು ವರ್ಷ ಹೆಡ್‌ಫೋನಿನಲ್ಲಿ ಕೇಳಿದ್ದು ವೇಷ.

"ಈಕಿಗೆ ಈ ದನಿ ಹೊಂದೂದಿಲ್ಲ" ಎಂದರು ಗಂಗಕ್ಕ, ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡು. ಮುಂದಿನ ಸಾಲಿನವರು ತಿರುಗಿ ನೋಡಿದರು.

ಇಲ್ಲಿ ಅಂಗಡಿಯವರೆಲ್ಲ ದಿನ ಚೆನ್ನಾಗಿರಲಿ ಎನ್ನುತ್ತಾರೆ, ನಮ್ಮೂರಲ್ಲಿ ಯಾರಾದರೂ ಹಾಗೆಂದರೆ ಡಾಕ್ಟರು ನನ್ನ ಬಗ್ಗೆ ಅವರಿಗೆ ಏನೋ ಹೇಳಿದ್ದಾರೆಂದು ಅರ್ಥ, ಎಂದು ಸೈವ್ ಶುರು ಮಾಡಿದರು. ಜನ ನಕ್ಕರು. ಅವರ ಮಾತು ನನಗೆ ಅರ್ಧ ಅರ್ಥವಾಯಿತು, ಉಳಿದರ್ಧ ಅರ್ಥವಾಗುವ ಮುಂಚೆ ನಗು ಮುಗಿದಿರುತ್ತಿತ್ತು. ಆದರೆ ಬಾಯಿಯ ಚಲನೆ ಪೂರ್ತಿ ಅರ್ಥವಾಗುತ್ತಿತ್ತು. ಅಭ್ಯಾಸಬಲ. ಅವರು ಉಸಿರೆಳೆದಾಗ ನಾನೂ ಎಳೆದೆ. ಅವರ ತುಟಿ ಆಡಿದಂತೆ ನನ್ನ ತುಟಿಯೂ ಆಡುತ್ತಿದೆ ಎಂಬುದು ನನಗೆ ಗೊತ್ತಾಗಿರಲಿಲ್ಲ. ಅವರಿಗೆ ಗೊತ್ತಾಯಿತು.

ಅವರು ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. "ಸೀರೆ ಉಟ್ಟಿರೋ ಅಮ್ಮಾವ್ರೆ, ನನಗೋಸ್ಕರ ಪ್ರಾರ್ಥನೆ ಮಾಡ್ತಾ ಇದೀರಾ? ಅಷ್ಟು ಕೆಟ್ಟದಾಗಿ ನಡೀತಾ ಇದೆಯಾ ಶೋ?"

ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನಾನು ಬರೆಯುತ್ತಿರುವುದು ಕನ್ನಡದಲ್ಲಿ. ಇದು ನನಗೆ ಹೊಸ ಕೆಲಸವಲ್ಲ.

ನಾನು ಎದ್ದು ನಿಂತೆ. ಹೇಳಬೇಕಾದ್ದು ಬಹಳವಿತ್ತು, ಬಾಯಿಗೆ ಬಂದದ್ದು ಎರಡೇ ಮಾತು. "ಮೇಡಂ, ನಾನು ನಿಮ್ಮ ದನಿ. ಕನ್ನಡದಲ್ಲಿ."

ಇಡೀ ಸಭೆ ಗೊಳ್ಳೆಂದಿತು. ನನ್ನ ಸ್ವಂತ ಮಾತಿಗೆ ಜನ ನಕ್ಕಿದ್ದು ಜೀವನದಲ್ಲಿ ಅದೇ ಮೊದಲು, ಅದೂ ನಾನು ತಮಾಷೆ ಮಾಡದಿದ್ದಾಗ. ಸೈವ್ ಮಾತ್ರ ನಗಲಿಲ್ಲ. ವೇದಿಕೆಯ ಅಂಚಿಗೆ ಬಂದು, ಬೆಳಕಿಗೆ ಕೈ ಅಡ್ಡ ಹಿಡಿದು, "ನಿಜವಾಗಿಯೂ?" ಎಂದರು. ಸುಷ್ಮಾ ಎದ್ದು ಜೋರಾಗಿ ಹೌದೆಂದಳು. ಅವರು ಮೆಟ್ಟಿಲಿನತ್ತ ಬೆರಳು ಮಾಡಿ, ಬನ್ನಿ ಎಂದರು.

ಡೀಲಿಯಾಳ ಹೆಸರುವಾಸಿ ಬೈಗುಳವೊಂದಿದೆ. ಬಾಗಿಲು ಹಾಕುವ ಹೊತ್ತಿಗೆ ಪಾರ್ಸೆಲ್ ತಂದ ಒಬ್ಬನಿಗೆ ಕೊಡುವುದು. ಅದನ್ನು ಸೈವ್ ಸದ್ದಿಲ್ಲದೆ ಅಭಿನಯಿಸುವುದು, ನಾನು ಪಕ್ಕದಲ್ಲಿ ನಿಂತು ದನಿ ಕೊಡುವುದು, ಇದು ಅಲ್ಲೇ ಆದ ಒಪ್ಪಂದ. ನಾನು ಮೆಟ್ಟಿಲು ಹತ್ತಿ ಹತ್ತಿರ ಹೋದಾಗ ಸೈವ್ ಮೂಗು ಅರಳಿಸಿ "ಗಿಲ್‌ರಾಯ್‌ಗೆ ಹೋಗಿದ್ರಾ?" ಎಂದರು. ಹೌದೆಂದೆ. "ನಾನೂ ಹೋಗಿದ್ದೆ" ಎಂದು ಮೈಕನ್ನು ನನ್ನ ಕೈಗಿತ್ತರು.

ಅವರ ಬಾಯಿ ಆಡತೊಡಗಿತು. ನಾನು ಶುರು ಮಾಡಿದೆ. "ಬಾಗಿಲು ಹಾಕಿದೆ. ಗಡಿಯಾರ ನೋಡೋಕೆ ಬರಲ್ವಾ? ನಿಮ್ಮಪ್ಪನೂ ಹೀಗೇ ಸಾಯಂಕಾಲವೇ ಬರ್ತಿದ್ದ. ಆ ಪಾರ್ಸೆಲ್ಲನ್ನ ಅಲ್ಲೇ..." ಅಷ್ಟರಲ್ಲಿ ಅವರ ಇಂಗ್ಲಿಷು ಮುಗಿದು ಬಾಯಿ ಮುಚ್ಚಿತು. ಸ್ಟುಡಿಯೊದಲ್ಲಾಗಿದ್ದರೆ ಸಾಲನ್ನು ಕತ್ತರಿಸಿ ಹೊಂದಿಸುತ್ತಿದ್ದೆವು. ಗಾಬರಿಯಲ್ಲಿ ನಾನು ಹಳೆಯ ಉದ್ದನೆಯ ಸಾಲನ್ನೇ ಹಿಡಿದಿದ್ದೆ. ಕನ್ನಡ ವಾಕ್ಯದ ಕ್ರಿಯಾಪದ ಕೊನೆಯಲ್ಲಿರುತ್ತದೆ, ಅದು ಬರುವ ತನಕ ನಿಲ್ಲಿಸುವಂತಿಲ್ಲ. "...ಮೂಲೇಲಿಟ್ಟು, ನಾಳೆ ಬೆಳಿಗ್ಗೆ ಎದ್ದು, ಮುಖ ತೊಳ್ಕೊಂಡು, ಮನುಷ್ಯರ ಹಾಗೆ..."

ಸೈವ್ ಮುಚ್ಚಿದ ಬಾಯಿಯಲ್ಲಿ ನಿಂತು ತಮ್ಮ ಎದೆಯನ್ನೇ ನೋಡಿಕೊಂಡರು. ಗಂಟಲು ಮುಟ್ಟಿ ನೋಡಿದರು. ಕೈಯಿಂದ ಬಾಯಿ ಒತ್ತಿ ಹಿಡಿದರು. ದನಿ ನಿಲ್ಲಲಿಲ್ಲ. ಬಾಟಲಿ ಎತ್ತಿ ನೀರು ಕುಡಿದರು. ಅವರು ಕುಡಿಯುತ್ತಿರುವಾಗಲೇ ನಾನು "...ಬಾ" ಎಂದು ಮುಗಿಸಿದೆ. ಜನ ಸೀಟಿನಲ್ಲಿ ಹೊರಳಾಡಿದರು. ಹಿಂದಿನ ಸಾಲಿನಲ್ಲೆಲ್ಲೋ ನಾಲ್ಕಾರು ಮಂದಿ ಉಳಿದವರಿಗಿಂತ ಮೊದಲೇ ನಗುತ್ತಿದ್ದರು. ಅವರು ನಮ್ಮವರು.

ಎದುರಿನ ಕಾಫಿ ಅಂಗಡಿ

ಆಟ ಮುಗಿದ ಮೇಲೆ ಸೈವ್ ತಾವಾಗಿಯೇ ನಮ್ಮನ್ನು ಹುಡುಕಿಕೊಂಡು ಬಂದು, ಎದುರಿನ ಕಾಫಿ ಅಂಗಡಿಗೆ ಕರೆದುಕೊಂಡು ಹೋದರು. ಕಾಫಿ ಬೇಡವೆಂದು ಎಲ್ಲರೂ ಚಹಾ ಹೇಳಿದೆವು. ಬಿಸಿನೀರು ಬೇರೆ, ಸೊಪ್ಪಿನ ಚೀಲ ಬೇರೆ, ಹಾಲು ಇನ್ನೆಲ್ಲೋ. "ಇವರು ಚಹಾ ಕೊಡಲ್ಲ, ಚಹಾದ ಸಂಬಂಧಿಕರನ್ನ ಪರಿಚಯ ಮಾಡಿಸ್ತಾರೆ" ಎಂದರು ಸೈವ್. ಸುಷ್ಮಾ ಕನ್ನಡಕ್ಕೆ ತಿರುಗಿಸಿದಾಗ ಗಂಗಕ್ಕನಿಗೆ ಅವರ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು.

ನಾನು ಅವರ ಬದುಕಿನ ಬಗ್ಗೆ ಕೇಳಿದೆ. ಹೇಳಿದರು. ಕಡಲತೀರದ ಸಣ್ಣ ಊರಿನಲ್ಲಿ ಮೊಳೆ, ಬಣ್ಣ, ಬೀಗ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಸಂಬಂಧಿಕರ ಮದುವೆಯೊಂದರಲ್ಲಿ ಯಾರದೋ ಕಾರು ದಾರಿಗೆ ಅಡ್ಡ ನಿಂತಿದೆ ಎಂದು ಹೇಳಲು ಮೈಕು ಹಿಡಿದರಂತೆ. ಕಾರಿನ ನಂಬರು ಹೇಳಿ ಸುಮ್ಮನಾಗಬೇಕಿತ್ತು. ಹಾಗೆ ಕಾರು ನಿಲ್ಲಿಸುವವರು ಎಂಥವರು, ಅವರ ಮನೆ ಹೇಗಿರುತ್ತದೆ, ಹೆಂಡತಿ ಏನನ್ನುತ್ತಾಳೆ ಎಂದು ಮುಂದುವರಿಸಿದರು. ಊಟ ಆರಿತು, ಜನ ನಗುತ್ತಲೇ ಇದ್ದರು. "ಆ ಕಾರು ನಮ್ಮಪ್ಪಂದೇ ಅಂತ ಆಮೇಲೆ ಗೊತ್ತಾಯ್ತು" ಎಂದರು.

ಅಲ್ಲಿಂದ ಹೆಂಡದಂಗಡಿಗಳ ಹಿಂಗೋಣೆಗಳು. ಪಕ್ಕದ ಟಿವಿಯಲ್ಲಿ ಫುಟ್‌ಬಾಲ್ ಹಾಕಿರುತ್ತಿದ್ದರು, ಗೋಲು ಬೀಳದ ಹೊತ್ತು ನೋಡಿ ನಗೆಮಾತು ಹೇಳುವುದನ್ನು ಕಲಿತರು. ಹಗಲು ಮೊಳೆ, ಸಂಜೆ ಮಾತು, ಹೀಗೇ ವರ್ಷಗಳು ಕಳೆದವು. ನಟನೆಗೆ ಮೊದಲು ಕರೆ ಬಂದದ್ದು ಹೆಣದ ಪಾತ್ರಕ್ಕೆ. ಅದರಲ್ಲೂ ಬೈಸಿಕೊಂಡರಂತೆ, ಹೆಣದ ತುಟಿ ಅಲ್ಲಾಡುತ್ತಿದೆ ಎಂದು. ಮಲಗಿದಲ್ಲೇ ಹೊಸ ನಗೆಮಾತು ಕಟ್ಟುತ್ತಿದ್ದರು. ಆಮೇಲೆ ನರ್ಸು, ಸನ್ಯಾಸಿನಿ, ಯಾರದೋ ಚಿಕ್ಕಮ್ಮ. ತಲೆ ನೆರೆತ ಮೇಲೆ ಡೀಲಿಯಾ. ಈಗ ಬೀದಿಯಲ್ಲಿ ಜನ ತಮ್ಮ ಪಾರ್ಸೆಲ್ ಯಾಕೆ ಬಂದಿಲ್ಲ ಎಂದು ಅವರನ್ನು ಕೇಳುತ್ತಾರೆ.

ನನಗೆ ತಡೆಯಲಾಗಲಿಲ್ಲ. "ಮುಂದಿನ ಸೀಸನ್ನಿನಲ್ಲಿ ಡೀಲಿಯಾ ಸಾಯುತ್ತಾಳಾ?"

"ಇಲ್ಲಪ್ಪ" ಎಂದವರು ಕುರ್ಚಿ ಹತ್ತಿರ ಎಳೆದುಕೊಂಡರು. ಮುಖ ಅರಳಿತ್ತು. "ಸಾಯಲ್ಲ. ಮಾತು ಬಿಡ್ತಾಳೆ. ಊರಿನ ಮೇಲೆ ಸಿಟ್ಟಾಗಿ, ಇಡೀ ಸೀಸನ್ ಒಂದು ಪದ ಆಡಲ್ಲ. ಎಲ್ಲಾ ಕಂತಲ್ಲೂ ಇರ್ತೀನಿ, ಬರೀ ಮುಖದಲ್ಲೇ ಮಾಡ್ಬೇಕು. ಇಷ್ಟು ವರ್ಷ ಎಲ್ಲರೂ ನನ್ನ ಬಾಯಿನ ನಂಬಿದ್ರು. ನನ್ನ ಮುಖಾನ ನಂಬಿರೋದು ಇದೇ ಮೊದಲು. ಮುಂದಿನ ತಿಂಗಳು ಶೂಟಿಂಗ್."

ಒಬ್ಬ ನಟಿಗೆ ಇದಕ್ಕಿಂತ ದೊಡ್ಡದು ಬೇಕೇ? ನನಗೆ ಅದು ಅರ್ಥವಾಯಿತು. ಬಹಳ ಒಳ್ಳೆಯದಾಯಿತು ಎಂದೆ, ಮನಸಾರೆ ಎಂದೆ. ಆದರೆ ಡೀಲಿಯಾ ಸತ್ತಿದ್ದರಾದರೂ ಒಂದು ಚೀರಾಟ, ಒಂದಷ್ಟು ನರಳಾಟ ನನಗೆ ಸಿಗುತ್ತಿತ್ತು.

ಗಂಗಕ್ಕ ನನ್ನ ಮುಖ ನೋಡುತ್ತಿದ್ದರು. ಸುಷ್ಮಾಳಿಂದ ವಿಷಯ ತಿಳಿದು, "ಡೀಲವ್ವ ಮಾತು ಬಿಟ್ರ ಈ ನಮ್ಮ ಪದ್ಮಕ್ಕ ಏನ ಮಾಡಬೇಕು ಅಂತ ಕೇಳು ಆಕಿನ್ನ" ಎಂದರು. ಸುಷ್ಮಾ ಮುಜುಗರಪಟ್ಟುಕೊಂಡು ಇಂಗ್ಲಿಷಿನಲ್ಲಿ ಏನೋ ಮೆತ್ತಗೆ ಹೇಳಿದಳು. "ಅಷ್ಟ ಅಲ್ಲ ನಾ ಅಂದದ್ದು. ಪೂರಾ ಹೇಳು" ಎಂದರು ಗಂಗಕ್ಕ. ಅವಳು ಪೂರಾ ಹೇಳಿದಳು.

ಸೈವ್ ಕಪ್ಪನ್ನು ಕೆಳಗಿಟ್ಟರು. "ನಾನು ಇದನ್ನ ಯೋಚನೇನೇ ಮಾಡಿರಲಿಲ್ಲ" ಎಂದರು. ನನ್ನಂಥವರು ಎಷ್ಟು ಭಾಷೆಗಳಲ್ಲಿದ್ದಾರೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಆಮೇಲೆ, "ನೀವು ಮಾಡೋದು ಬರೀ ಮಾತಾ?"

"ಇಲ್ಲ ಮೇಡಂ, ಎಲ್ಲಾ. ಕೆಮ್ಮು, ಸೀನು, ಬಿಕ್ಕಳಿಕೆ."

"ನನ್ನ ಕೆಮ್ಮನ್ನೂ ಇಟ್ಕೊಳ್ಳಲ್ವಾ ಅವ್ರು?"

"ನಿಮ್ಮ ಬಾಯಿಂದ ಬಂದದ್ದೆಲ್ಲ ತೆಗೀತಾರೆ. ಗೊರಕೆ ಕೂಡ ನಂದೇ."

ಮಾಡಿ ತೋರಿಸಿ ಎಂದರು. ನಾನು ಮೆಟ್ಟಿಲು ಹತ್ತುವ ಏದುಸಿರು ಬಿಟ್ಟೆ, ಬಿಸಿ ಚಹಾ ಸೊರ್ರೆಂದು ಹೀರಿದೆ, ಮೂಗು ಮುರಿಯುವ ಹೂಂಕಾರ ಮಾಡಿದೆ. ಗಂಟಲಿಗೆ ಏನೋ ಸಿಕ್ಕಿಕೊಂಡ ಕೆಮ್ಮಿಗೆ ಬಂದಾಗ ಅಂಗಡಿಯ ಹುಡುಗಿ ನೀರಿನ ಲೋಟ ಹಿಡಿದು ಓಡಿ ಬಂದು ನನ್ನ ಬೆನ್ನು ಗುದ್ದತೊಡಗಿದಳು. ಪಕ್ಕದ ಮೇಜಿನವನು ಆಂಬುಲೆನ್ಸಿಗೆ ಫೋನು ಮಾಡುವುದರಲ್ಲಿದ್ದ. ಸುಷ್ಮಾ ಅವನ ಕೈ ಹಿಡಿದು ನಿಲ್ಲಿಸಿದಳು. ಸೈವ್ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಬೀಳ್ಕೊಡುವಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಗಂಗಕ್ಕ ಕಾರಿನಲ್ಲಿ, "ಹೆಣ್ಣಮಗಳು ಛಲೋ ಅದಾಳ. ದನಿ ಒಂದ ಸ್ವಲ್ಪ ಸುಧಾರಿಸಬೇಕು" ಎಂದರು.

ಬೆಂಗಳೂರು

ಹೊಸ ಸೀಸನ್ನು ಸ್ಟುಡಿಯೊಗೆ ಬಂದಾಗ ಮಳೆಗಾಲ ಹಿಡಿದಿತ್ತು. ಡೀಲಿಯಾಳಿಗೆ ಮಾತಿಲ್ಲವೆಂದು ನನ್ನನ್ನು ಕರೆಯುವುದೇ ಇಲ್ಲ ಎಂದುಕೊಂಡಿದ್ದೆ.

ಕಿರಣ ಫೋನು ಮಾಡಿದ. "ಮೇಡಂ, ಬನ್ನಿ. ಕೆಲಸ ಇದೆ. ಸಿಕ್ಕಾಪಟ್ಟೆ ಇದೆ."

ಹೋಗಿ ಹೆಡ್‌ಫೋನು ಹಾಕಿಕೊಂಡೆ. ಡೀಲಿಯಾ ಒಂದು ಪದ ಆಡುವುದಿಲ್ಲ. ಆದರೆ ಕುರ್ಚಿಯಿಂದ ಏಳುವಾಗ ನರಳುತ್ತಾಳೆ, ಕೂರುವಾಗ ನರಳುತ್ತಾಳೆ. ಸ್ಟ್ಯಾಂಪು ಹಚ್ಚುವಾಗ ಗುನುಗುತ್ತಾಳೆ. ಯಾರಾದರೂ ಬಾಗಿಲು ತೆರೆದರೆ ಹೂಂಕರಿಸುತ್ತಾಳೆ, ಮುಚ್ಚಿದರೆ ನಿಟ್ಟುಸಿರಿಡುತ್ತಾಳೆ. ಚಹಾವನ್ನು ಊರಿಗೆಲ್ಲ ಕೇಳುವಂತೆ ಹೀರುತ್ತಾಳೆ. ಗಂಭೀರವಾದ ದೃಶ್ಯದಲ್ಲಿ, ಪಾದ್ರಿಯ ಮುಂದೆಯೇ, ಸಾಲಾಗಿ ಸೀನುತ್ತಾಳೆ. ಕೌಂಟರಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ, ಅದೂ ಎಲ್ಲ ಕಂತಿನಲ್ಲೂ.

ನನಗೆ ತೆರೆ ಮಂಜಾಯಿತು. ಕಿರಣ ಒಂದು ಟೇಕ್ ಹಾಳಾಯಿತೆಂದು ಮತ್ತೆ ಹಿಂದಕ್ಕೆ ಹೋದ. ಸಂಜೆಯ ತನಕ ನಾನು ಕೆಮ್ಮಿದೆ, ನರಳಿದೆ, ಹೀರಿದೆ, ಸೀನಿದೆ. ಸಾಕಾಗಿ ಅವನೇ ಕೇಳಿದ.

"ಅಲ್ಲಾ ಮೇಡಂ, ಸಾಧು ಮೇಡಂಗೆ ಉಬ್ಬಸ ಗಿಬ್ಬಸ ಏನಾದ್ರೂ ಇದ್ಯಾ?"

"ಇಲ್ಲಪ್ಪ, ಕಲ್ಲುಗುಂಡಿನ ಹಾಗಿದ್ದಾರೆ. ನಾನೇ ನೋಡಿ ಬಂದಿದೀನಿ" ಎಂದೆ. "ಮುಂದಿನ ಗೊರಕೆ ಹಾಕು."